ಯಾತ್ರೆಯ ಚಿತ್ರ, ಮುಂದಿನವರಿಗೆ ಸಾಕ್ಷಿ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಅದರ ಕಿರುಗಿಂಡಿಯಿಂದ ಒಳಬರುವ ಬೆಳಕು ಎದುರಿನ ಗೋಡೆಯ ಮೇಲೆ ರಾಜಗೋಪುರದ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಯಾತ್ರಿಕರು ಅದನ್ನು ಸೋಜಿಗವೆಂದು ನೋಡಿ ಮುಂದೆ ಸಾಗುತ್ತಾರೆ. ಕ್ಯಾಮರಾದ ಮೂಲತತ್ತ್ವವೂ ಅದೇ ಆಗಿದೆ. ಕೋಣೆಯ ಬಿಂಬ ಬೆಳಕಿನೊಡನೆ ಮರೆಯಾಗುತ್ತದೆ. ಛಾಯಾಚಿತ್ರ ಅದನ್ನು ಹಿಡಿದು ನಿಲ್ಲಿಸುತ್ತದೆ.

ಹಾಗೆ ಹಿಡಿದು ನಿಲ್ಲಿಸಿದುದರ ಬೆಲೆಯೇನು ಎಂಬುದಕ್ಕೂ ಹಂಪೆಯೇ ನಿದರ್ಶನ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿಯ ದೇವಾಲಯ, ಮಂಟಪ, ಅರಮನೆಗಳ ಚಿತ್ರಗಳನ್ನು ಮೇಣ ಲೇಪಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದನು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಒಂದು. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. 2017ರಲ್ಲಿ ಹೊರಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ಕಾಣುವುದು ಶಿಖರ ಕಳೆದುಕೊಂಡ ರಥವನ್ನೇ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ನೆಲೆಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದು ವಾದವಿಲ್ಲದೆ ತಿಳಿಯುತ್ತದೆ.

ಆದರೆ ಆ ಹಳೆಯ ಚಿತ್ರಗಳಲ್ಲಿ ಜನಜೀವನ ಕಾಣುವುದು ವಿರಳ. ಅಂದಿನ ಕಾಗದದ ಮೇಲೆ ಚಿತ್ರ ಮೂಡಲು ದೀರ್ಘ ಸಮಯ ಬೇಕಾಗುತ್ತಿತ್ತು. ನಡೆದಾಡುವವರು ಅದರಲ್ಲಿ ನಿಲ್ಲುತ್ತಿರಲಿಲ್ಲ. ಕಲ್ಲು ಉಳಿಯಿತು, ಕಲ್ಲಿನ ನೆರಳಿನಲ್ಲಿ ಬಾಳಿದವರು ಉಳಿಯಲಿಲ್ಲ.

ಜನಜೀವನವು ಕಲ್ಲಿಗಿಂತ ಬೇಗ ಮರೆಯಾಗುವಂಥದು. ವಿರೂಪಾಕ್ಷನ ಸನ್ನಿಧಿಯ ರಥಬೀದಿಯ ಇಕ್ಕೆಲದ ಸಾಲುಮಂಟಪಗಳಲ್ಲಿ ಅನೇಕ ಕುಟುಂಬಗಳು ಮನೆ, ಅಂಗಡಿ, ಖಾನಾವಳಿಗಳನ್ನು ಮಾಡಿಕೊಂಡಿದ್ದವು. ಸ್ಮಾರಕಗಳ ರಕ್ಷಣೆಯ ಉದ್ದೇಶದಿಂದ 2011ರ ಜುಲೈನಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಪುರಾತನ ಮಂಟಪವೂ ಉಳಿಯಬೇಕು, ಬಡವನ ಅನ್ನವೂ ಉಳಿಯಬೇಕು. ಈ ಎರಡರ ನಡುವಿನ ತೊಡಕು ಸುಲಭವಾದುದಲ್ಲ. ಆದರೆ ಅದಕ್ಕೆ ಮುನ್ನ ಹಂಪೆಗೆ ಹೋಗಿಬಂದವರ ಆಲ್ಬಮ್ಮಿನಲ್ಲಿ, ಮಕ್ಕಳ ಹಿಂದೆ ಅಕಸ್ಮಾತ್ತಾಗಿ ಸೇರಿಕೊಂಡ ಹೂವಿನಂಗಡಿಯೋ ಒಲೆಯ ಮುಂದೆ ಕುಳಿತ ತಾಯಿಯೋ ಇದ್ದರೆ, ಆ ಚಿತ್ರವು ಇಂದು ಇತಿಹಾಸದ ತುಣುಕಾಗಿದೆ.

ಆದುದರಿಂದ ಯಾತ್ರೆಗೆ ಹೊರಡುವ ಸದ್ಭಕ್ತರು ಕೆಲವು ಸಂಗತಿಗಳನ್ನು ಗಮನಿಸುವುದು ಲೇಸು. ಗುಡಿಯ ಮುಂದೆ ನಿಂತು ಮನೆಯವರ ಚಿತ್ರ ತೆಗೆಯುವುದು ತಪ್ಪಲ್ಲ; ಅದರೊಡನೆ ಇಡೀ ಗುಡಿ, ಶಾಸನದ ಕಲ್ಲು, ಬೀದಿ, ಸಂತೆ, ನದಿಯ ಹರಿಗೋಲು ಇವುಗಳ ಚಿತ್ರವನ್ನೂ ತೆಗೆಯಬೇಕು. ದುಡಿಯುವವರ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಬೇಕು. ಕಾಯಕದಲ್ಲಿ ತೊಡಗಿರುವವರು ನಮ್ಮ ವಿನೋದದ ವಸ್ತುಗಳಲ್ಲ. ನದಿಯಲ್ಲಿ ಮೀಯುವವರತ್ತ, ಶೋಕದಲ್ಲಿರುವವರತ್ತ ಕ್ಯಾಮರಾ ತಿರುಗಿಸಲಾಗದು. ಗರ್ಭಗುಡಿಯ ನಿಷೇಧವನ್ನು ಮೀರಬಾರದು. ಅಜಂತೆಯಂಥ ವರ್ಣಚಿತ್ರಗಳ ಗುಹೆಗಳಲ್ಲಿ ಫ್ಲ್ಯಾಶ್ ಬೆಳಕಿಗೆ ನಿಷೇಧವಿದೆ. ಅದು ಬಣ್ಣಗಳ ರಕ್ಷಣೆಗಾಗಿಯೇ ಇದೆ. ಒಳ್ಳೆಯ ನೋಟ ಸಿಗಲೆಂದು ಶಿಲ್ಪದ ಮೇಲೆ ಹತ್ತುವುದಂತೂ ಶಿಲ್ಪಿಯ ಶ್ರಮಕ್ಕೆ ಎಸಗುವ ಅಪಚಾರ.

ಊರಿಗೆ ಮರಳಿದ ಮೇಲಿನ ಕೆಲಸವೂ ಮುಖ್ಯವೇ. ಈಗ ಮೊಬೈಲಿನಲ್ಲಿ ನೂರಾರು ಚಿತ್ರಗಳು ಸೇರುತ್ತವೆ. ಫೋನು ಕೆಟ್ಟರೆ ಎಲ್ಲವೂ ಹೋಗಬಹುದು. ಪ್ರತಿ ಯಾತ್ರೆಯಿಂದ ಹತ್ತು ಚಿತ್ರಗಳನ್ನಾದರೂ ಆರಿಸಿ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಸ್ಥಳ, ದಿನಾಂಕ, ಚಿತ್ರದಲ್ಲಿರುವವರ ಹೆಸರುಗಳನ್ನು ಮೃದುವಾದ ಪೆನ್ಸಿಲಿನಿಂದ ಬರೆದಿಡಬೇಕು. ಹೆಸರಿಲ್ಲದ ಚಿತ್ರ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಪರಿಚಿತವಾಗುತ್ತದೆ. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ, ಹೇಳುವ ಕೆಲಸವನ್ನು ಹಿರಿಯರು ವಹಿಸಿಕೊಂಡರೆ, ಯಾತ್ರೆಯ ಫಲ ಇಡೀ ಮನೆತನಕ್ಕೆ ಸಲ್ಲುತ್ತದೆ.