ಗುಡ್ಡದ ಮೇಲಿನ ಶಾಲೆಯಲ್ಲಿ ವಿಶ್ವಾಸದ ಕಲಿಕೆ

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು 1880ರಲ್ಲಿ ಆರಂಭಿಸಿದವರು ಯೇಸು ಸಭೆಯ ಗುರುಗಳು. ಸಂತ ಇಗ್ನೇಷಿಯಸ್ ಲೊಯೋಲ ಸ್ಥಾಪಿಸಿದ ಈ ಸಭೆ 1540ರಲ್ಲಿ ಪೋಪರ ಮನ್ನಣೆ ಪಡೆದ ಸನ್ಯಾಸಿ ಸಂಘವಾಗಿದ್ದು, 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದಂದಿನಿಂದ ಶಿಕ್ಷಣವನ್ನೇ ತನ್ನ ಮುಖ್ಯ ಸೇವೆಗಳಲ್ಲೊಂದಾಗಿ ನಡೆಸಿಕೊಂಡು ಬಂದಿದೆ. ಕರಾವಳಿಯ ಕ್ಯಾಥೊಲಿಕರ ಕೋರಿಕೆಯಂತೆ 1878ರ ಡಿಸೆಂಬರ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಈ ಗುರುಗಳು, ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ ತರಗತಿಗಳನ್ನು ತೆರೆದರು. ಗಣಿತ, ವಿಜ್ಞಾನ, ಭಾಷೆಗಳನ್ನು ಎಲ್ಲ ಶಾಲೆಗಳಂತೆಯೇ ಕಲಿಸುವ ಇಂತಹ ಸಂಸ್ಥೆಯಲ್ಲಿ ಮಕ್ಕಳ ವಿಶ್ವಾಸ ಯಾವ ಬಗೆಯಲ್ಲಿ ರೂಪುಗೊಳ್ಳುತ್ತದೆ ಎಂಬುದನ್ನು ವೇಳಾಪಟ್ಟಿಯ ಒಂದು ಅವಧಿಯನ್ನಷ್ಟೇ ನೋಡಿ ಅರಿಯಲಾಗದು.

ವಿಶ್ವಾಸ ಶಿಕ್ಷಣಕ್ಕೆ ಕ್ಯಾಥೊಲಿಕ್ ಪರಂಪರೆಯಲ್ಲಿ ಮೂರು ನೆಲೆಗಳಿವೆ. ಮೊದಲನೆಯದು ಮನೆ; ಸಂಜೆಯಾಗುತ್ತಲೇ ಮನೆಮಂದಿಯೆಲ್ಲ ಕೂಡಿ ಹೇಳುವ, ಕೊಂಕಣಿಯಲ್ಲಿ ತೇರ್ಸ್ ಎಂದು ಕರೆಯುವ ಜಪಸರದ ಪ್ರಾರ್ಥನೆಯಲ್ಲಿ ಮಗುವಿನ ಮೊದಲ ಪಾಠ ನಡೆಯುತ್ತದೆ. ಎರಡನೆಯದು ಧರ್ಮಕೇಂದ್ರ, ಅಂದರೆ ಒಂದು ಇಗರ್ಜಿಯನ್ನು ಕೇಂದ್ರವಾಗಿಸಿಕೊಂಡ ಭಕ್ತರ ಸಮುದಾಯ. ಭಾನುವಾರದ ಬಲಿಪೂಜೆ, ಅದರೊಂದಿಗೆ ನಡೆಯುವ ಧರ್ಮೋಪದೇಶದ ತರಗತಿ, ಪಾಪನಿವೇದನೆ, ಪ್ರಥಮ ಪರಮಪ್ರಸಾದ, ದೃಢೀಕರಣ ಇವೆಲ್ಲ ಸಾಮಾನ್ಯವಾಗಿ ಅಲ್ಲಿಯೇ ನಡೆಯುತ್ತವೆ. ಮೂರನೆಯ ನೆಲೆಯಾದ ಶಾಲೆಯ ಕೆಲಸ ಇವನ್ನೇ ಮತ್ತೊಮ್ಮೆ ಮಾಡುವುದಲ್ಲ. ಕಂಠಪಾಠವಾಗಿರುವ ಪ್ರಾರ್ಥನೆಗೂ ಮಗು ದಿನದಿನವೂ ಎದುರಿಸುವ ಬದುಕಿಗೂ ನಂಟು ಬೆಸೆಯುವುದು ಅದರ ಹೊಣೆ.

ಆ ನಂಟನ್ನು ಬೆಸೆಯಲು ಯೇಸು ಸಭೆಯ ಶಾಲೆಗಳು ಬಳಸುವ ಸಾಧನಗಳಲ್ಲಿ ಅತ್ಯಂತ ಸರಳವೂ ಅತ್ಯಂತ ಆಳವೂ ಆದದ್ದು ಆತ್ಮಶೋಧನೆ. ಕಳೆದ ಹೊತ್ತನ್ನು ದೇವರ ಸನ್ನಿಧಿಯಲ್ಲಿ ಮೌನವಾಗಿ ನೆನೆದು, ದೊರೆತದ್ದಕ್ಕೆ ಕೃತಜ್ಞತೆ ಸಲ್ಲಿಸಿ, ತಪ್ಪಿದ್ದಕ್ಕೆ ಕ್ಷಮೆ ಬೇಡಿ, ಮುಂದಿನ ದಿನಕ್ಕಾಗಿ ಬಲ ಕೋರುವ ಈ ಕಿರುಧ್ಯಾನ, 1548ರಲ್ಲಿ ಪೋಪರ ಅನುಮೋದನೆ ಪಡೆದ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಯಿಂದ ಬಂದದ್ದು. ಕೆಲವೇ ನಿಮಿಷ ಹಿಡಿಯುವ ಈ ಅಭ್ಯಾಸಕ್ಕೆ ಪಠ್ಯಪುಸ್ತಕವಾಗಲಿ ಪರೀಕ್ಷೆಯಾಗಲಿ ಬೇಕಿಲ್ಲ. ಆದರೂ ಬೆಳೆಯುತ್ತಿರುವ ಮನಸ್ಸಿಗೆ ತನ್ನನ್ನು ತಾನು ಪ್ರಾಮಾಣಿಕವಾಗಿ ನೋಡಿಕೊಳ್ಳಲು ಕಲಿಸುವುದರಲ್ಲಿ ಇದಕ್ಕೆ ಸಮನಾದ ಪಾಠ ಶಾಲೆಯಲ್ಲಿ ಇನ್ನೊಂದಿಲ್ಲ ಎನ್ನಬಹುದು. ವರ್ಷಕ್ಕೊಮ್ಮೆ ಪಾಠಗಳನ್ನು ಬದಿಗಿಟ್ಟು ಮೌನ, ಪ್ರವಚನ, ಪಾಪನಿವೇದನೆಗಳಲ್ಲಿ ಕಳೆಯುವ ಧ್ಯಾನಕೂಟವೂ ಅದೇ ಬೇರಿನಿಂದ ಕವಲೊಡೆದದ್ದು. ವಿದ್ಯಾರ್ಥಿಗಳೇ ಗುಂಪುಗೂಡಿ ಪ್ರಾರ್ಥನೆಯನ್ನೂ ಸೇವೆಯನ್ನೂ ನಡೆಸುವ ಕೂಟಗಳ ಪರಂಪರೆ 1563ರಲ್ಲಿ ರೋಮಿನ ಕಾಲೇಜಿನಲ್ಲಿ ಹುಟ್ಟಿದ ಮರಿಯಮ್ಮನವರ ಸಂಘದಷ್ಟು ಹಳೆಯದು.

ಮಂಗಳೂರಿನ ಈ ಸಂಸ್ಥೆಯಲ್ಲಿ ಗೋಡೆಗಳೂ ಪಾಠ ಹೇಳುತ್ತವೆ. 1880ರ ದಶಕದಲ್ಲಿ ಕಟ್ಟಿದ ಪ್ರಾರ್ಥನಾಲಯದ ಒಳಭಾಗವನ್ನು ಇಟಲಿಯ ಬೆರ್ಗಮೊ ಸಮೀಪದ ಸ್ಟೆಟ್ಸಾನೊದಲ್ಲಿ 1854ರಲ್ಲಿ ಜನಿಸಿದ ಅಂತೋನಿಯೊ ಮೊಸ್ಕೇನಿ, ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ತೊಡಗುವ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ಅವರು ಗುರುದೀಕ್ಷೆ ಪಡೆಯದೆ ಸಭೆಯಲ್ಲಿ ಸಹೋದರರಾಗಿ ಸೇವೆ ಸಲ್ಲಿಸಿದ ಕಲಾವಿದರು. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಅದರ ಮೇಲೆ ಬಣ್ಣ ಹಚ್ಚಿ, ಬಣ್ಣವು ಗೋಡೆಯ ಅಂಗವೇ ಆಗುವಂತೆ ಮಾಡುವ ಫ್ರೆಸ್ಕೊ ವಿಧಾನವನ್ನೂ ಕ್ಯಾನ್ವಾಸಿನ ಮೇಲಿನ ತೈಲಚಿತ್ರವನ್ನೂ ಅವರು ಇಲ್ಲಿ ಜೊತೆಯಾಗಿ ಬಳಸಿದ್ದಾರೆ. ಇಳಿಜಾರು ಛಾವಣಿಯಲ್ಲಿ ಪ್ರೇಷಿತರು, ಅಂದರೆ ಯೇಸುವಿನ ಮೊದಲ ಶಿಷ್ಯರು, ಇದ್ದಾರೆ. ಗೋಡೆಗಳಲ್ಲಿ ಯೇಸುವಿನ ಬದುಕಿನ ಘಟನೆಗಳಿವೆ. ಛಾವಣಿಯ ನಡುಸಾಲಿನಲ್ಲಿ ಶಾಲೆಯ ಪಾಲಕ ಸಂತನ ಕಥೆಯಿದೆ.

ಆ ಕಥೆಯನ್ನು ಅಲ್ಲಿ ಇರಿಸಿರುವುದು ಅಲಂಕಾರಕ್ಕಾಗಿ ಅಲ್ಲ. ಅಲೋಶಿಯಸ್ ಗೊಂಜಾಗ 1568ರಲ್ಲಿ ಉತ್ತರ ಇಟಲಿಯ ಒಂದು ಆಳುವ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿ, ತನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು, ಯೇಸು ಸಭೆ ಸೇರಿ, ರೋಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸಾಂಕ್ರಾಮಿಕ ರೋಗಕ್ಕೆ ತುತ್ತಾದವರ ಆರೈಕೆಗೆ ನಿಂತು, ಅದೇ ಸೋಂಕಿನಿಂದ 1591ರಲ್ಲಿ ಇಪ್ಪತ್ತಮೂರರ ವಯಸ್ಸಿನಲ್ಲಿ ತೀರಿಕೊಂಡವನು. ಹನ್ನೆರಡರ ಬಾಲಕ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದ ಸ್ವೀಕರಿಸಿದ್ದು ಅವನ ಬಾಳಿನ ಪ್ರಸಿದ್ಧ ಘಟನೆ. ಹೆಚ್ಚುಕಡಿಮೆ ಅದೇ ವಯಸ್ಸಿನ ಮಕ್ಕಳು ಆ ಛಾವಣಿಯ ಕೆಳಗೆ ಮಂಡಿಯೂರಿದಾಗ, ಭಕ್ತಿ ಎಂಬುದು ರೋಗಿಯ ಹಾಸಿಗೆಯವರೆಗೂ ನಡೆದುಹೋಗಬೇಕಾದದ್ದು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಅವನ ಹಬ್ಬ ಜೂನ್ 21ರಂದು, ನಮ್ಮ ಶಾಲೆಗಳ ಹೊಸ ವರ್ಷದ ಆರಂಭದಲ್ಲಿಯೇ ಬರುವುದು ಒಂದು ಒಳ್ಳೆಯ ಕೂಡಿಕೆ.

ಭಾರತದ ಕ್ಯಾಥೊಲಿಕ್ ಶಾಲೆಗಳಲ್ಲಿ ಕಲಿಯುವವರಲ್ಲಿ ಇತರ ಧರ್ಮಗಳ ಮಕ್ಕಳು ಬಹುಸಂಖ್ಯೆಯಲ್ಲಿದ್ದಾರೆ. ಆದ್ದರಿಂದ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಹೊತ್ತಿನಲ್ಲಿಯೇ ಉಳಿದವರಿಗೆ ಮೌಲ್ಯಶಿಕ್ಷಣದ ತರಗತಿ ನಡೆಸುವ ಏರ್ಪಾಡು ಇಂತಹ ಶಾಲೆಗಳಲ್ಲಿ ರೂಢಿಗೆ ಬಂದಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದರೆ, 28ನೇ ವಿಧಿಯು ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾವ ವಿದ್ಯಾರ್ಥಿಯೂ ತನ್ನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಹಾಜರಾಗಬೇಕಾಗಿಲ್ಲ ಎನ್ನುತ್ತದೆ. ಈ ಎರಡನೆಯದನ್ನು ಹೊರಗಿನಿಂದ ಬಂದ ಕಟ್ಟಳೆಯೆಂದು ಎಣಿಸುವುದು ಸರಿಯಲ್ಲ. ಸಾಧನೆಗೆ ಕುಳಿತವನನ್ನು ಮಾರ್ಗದರ್ಶಕನು ಯಾವ ಕಡೆಗೂ ಒತ್ತಾಯಿಸಬಾರದು, ದೇವರು ಆ ಜೀವದೊಡನೆ ನೇರವಾಗಿ ವ್ಯವಹರಿಸಲು ಎಡೆಗೊಡಬೇಕು ಎಂಬುದು ಇಗ್ನೇಷಿಯಸರ ಕೈಪಿಡಿಯಲ್ಲೇ ಇರುವ ಸೂಚನೆ. ಧರ್ಮದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು. ಒತ್ತಾಯದಿಂದ ಕೂರಿಸಿದ ಮಗುವಿನಲ್ಲಿ ಬೆಳೆಯುವುದು ವಿಶ್ವಾಸವಲ್ಲವೆಂಬುದು ಈ ಪರಂಪರೆಯ ಒಳಗಿನದೇ ತಿಳಿವಳಿಕೆ, ಮತ್ತು ಅದನ್ನು ಎಷ್ಟು ಗೌರವಿಸುತ್ತದೆಯೋ ಅಷ್ಟರಮಟ್ಟಿಗೆ ಮಾತ್ರ ಕ್ಯಾಥೊಲಿಕ್ ಶಾಲೆಯ ಪ್ರಾರ್ಥನೆಗೆ ಬೆಲೆ.

ವಿಶ್ವಾಸ ಶಿಕ್ಷಣದ ಗುರಿಯನ್ನು ಮತ್ತೊಂದು ಮಗ್ಗುಲಿನಿಂದ ಪ್ರಶ್ನಿಸಿದವರು 1965ರಿಂದ 1983ರವರೆಗೆ ಯೇಸು ಸಭೆಯ ಮಹಾಧ್ಯಕ್ಷರಾಗಿದ್ದ ಪೆದ್ರೊ ಅರುಪೆ. 1973ರ ಜುಲೈ 31ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡಿದ ಅವರು, ಸಭೆಯ ಶಾಲೆಗಳು ತಮ್ಮ ಮಕ್ಕಳನ್ನು ನ್ಯಾಯಕ್ಕಾಗಿ ದುಡಿಯಲು ಅಣಿಗೊಳಿಸಿವೆಯೇ ಎಂದು ಕೇಳಿ, ಇಲ್ಲವೆಂಬ ಉತ್ತರವನ್ನು ತಾವೇ ವಿನಯದಿಂದ ಕೊಟ್ಟರು. ಪರರಿಗಾಗಿ ಬಾಳುವವರನ್ನು ರೂಪಿಸುವುದೇ ಇನ್ನು ಮುಂದಿನ ಗುರಿಯೆಂದರು. ಪ್ರತಿಷ್ಠಿತ ಶಾಲೆಗಳನ್ನು ಕಟ್ಟಿದ ಸಂಘದ ಮುಖ್ಯಸ್ಥರು ಇಷ್ಟು ನೇರವಾಗಿ ನುಡಿದದ್ದು ಹಲವರಿಗೆ ಹಿಡಿಸಲಿಲ್ಲ. ಆದರೆ ಬಡವರ ಬಡಾವಣೆಗಳಲ್ಲಿ, ಆಸ್ಪತ್ರೆಗಳಲ್ಲಿ, ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ಸೇವೆ ಸಲ್ಲಿಸಿ, ಕಂಡದ್ದನ್ನು ಕುರಿತು ಬಳಿಕ ಚಿಂತನೆ ನಡೆಸುವ ಕ್ರಮ ಜಗತ್ತಿನ ಯೇಸು ಸಭೆಯ ಶಾಲೆಗಳಲ್ಲಿ ಧಾರ್ಮಿಕ ಶಿಕ್ಷಣದ ಅಂಗವಾಗಿ ಗಟ್ಟಿಗೊಳ್ಳಲು ಆ ಭಾಷಣ ದೊಡ್ಡ ಪ್ರೇರಣೆಯಾಯಿತು.

ಗುರುಗಳೂ ಧರ್ಮಭಗಿನಿಯರೂ ಮೊದಲಿನಷ್ಟು ಸಂಖ್ಯೆಯಲ್ಲಿ ತರಗತಿಗಳಲ್ಲಿಲ್ಲದ ಈ ಕಾಲದಲ್ಲಿ, ಇಂತಹ ಶಾಲೆಗಳ ದಿನನಿತ್ಯದ ಭಾರವೆಲ್ಲ ಗೃಹಸ್ಥ ಶಿಕ್ಷಕರ ಹೆಗಲ ಮೇಲಿದೆ. ಅವರಲ್ಲಿ ಅನೇಕರು ಇತರ ಧರ್ಮಗಳಿಗೆ ಸೇರಿದವರು. ಬೆಳಗಿನ ಪ್ರಾರ್ಥನೆ ನಡೆಸುವವರು, ಮೌಲ್ಯಶಿಕ್ಷಣದ ತರಗತಿ ತೆಗೆದುಕೊಳ್ಳುವವರು, ಸೇವಾಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುವವರು ಬಹುಮಟ್ಟಿಗೆ ಅವರೇ. ಸಂಸ್ಥೆಯ ಹಿಂದಿರುವ ಪರಂಪರೆಯನ್ನು ಅವರಿಗೆ ಪರಿಚಯಿಸುವ ತರಬೇತಿಗೆ, ಮಕ್ಕಳ ಧರ್ಮೋಪದೇಶಕ್ಕೆ ಕೊಡುವಷ್ಟೇ ಸಮಯವನ್ನೂ ಶ್ರದ್ಧೆಯನ್ನೂ ಆಡಳಿತ ಮಂಡಳಿಗಳು ಕೊಡಬೇಕಾಗಿದೆ.