ಹೊರದೇಶದ ಪುಣ್ಯಯಾತ್ರೆ: ಕೊನೆಯ ಕಂತು ಕಟ್ಟುವ ಮುನ್ನ

ಫಾತಿಮಾ, ಲೂರ್ದ್, ರೋಮ್ ಯಾತ್ರೆಗೆ ಹೋಗಬಯಸುವವರು ಹೆಸರು ಕೊಡಬಹುದು ಎಂಬ ಪ್ರಕಟಣೆ ನಮ್ಮ ಕರಾವಳಿಯ ಚರ್ಚುಗಳಲ್ಲಿ ಬಲಿಪೂಜೆಯ ಕೊನೆಗೆ ಆಗಾಗ ಕೇಳಿಬರುತ್ತದೆ. ಹೆಸರು ಕೊಡುವವರಲ್ಲಿ ಹಿರಿಯರು ಹೆಚ್ಚು. ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆಸಾಲ ಎಲ್ಲ ಮುಗಿದ ಮೇಲೆ, ಹತ್ತಾರು ವರ್ಷ ಕೂಡಿಟ್ಟ ಹಣದಲ್ಲಿ ಒಮ್ಮೆ ಹೋಗಿ ಬರುವ ಆಸೆ ಅವರದು. ಈ ಹಣ ಒಮ್ಮೆ ಕೈತಪ್ಪಿದರೆ ಎರಡನೇ ಸಲ ಕೂಡಿಸಲು ಅವರಿಗೆ ವಯಸ್ಸಿಲ್ಲ.

ಗಲ್ಫ್ ದೇಶಗಳಲ್ಲಿ ದುಡಿದು ಬಂದ ನಮ್ಮವರಿಗೆ ವಿಮಾನ ಪ್ರಯಾಣ ಹೊಸತಲ್ಲ. ಆದರೆ ಅಲ್ಲಿಗೆ ಬೇಕಾದ ವೀಸಾ, ಟಿಕೆಟ್ಟುಗಳನ್ನು ಹೆಚ್ಚಾಗಿ ಕಂಪನಿಯೇ ಮಾಡಿಸಿತ್ತು. ಯುರೋಪಿನ ಯಾತ್ರೆಯಲ್ಲಿ ಆ ಹೊಣೆ ನಮ್ಮದೇ. ಯಾತ್ರೆಗೆ ಮೂರು ನಾಲ್ಕು ತಿಂಗಳು ಇರುವಾಗ ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹೆಸರು ಸರಿ ಇದೆಯೇ?

ಮೊದಲು ಪಾಸ್‌ಪೋರ್ಟ್ ತೆರೆದು ನೋಡಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು. ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳ ಅವಧಿ ಉಳಿದಿರಬೇಕು, 2 ಪುಟ ಖಾಲಿ ಇರಬೇಕು.

ನಮ್ಮ ಸಮುದಾಯದಲ್ಲಿ ಹೆಚ್ಚು ತೊಂದರೆ ಕೊಡುವುದು ಹೆಸರು. ಜ್ಞಾನಸ್ನಾನದ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮತ್ತೊಂದು. ಡಿಸೋಜ, ಡಿಕುನ್ಹ, ಡಿಸಿಲ್ವ ಎಂಬ ಮನೆತನದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬರು ಕೂಡಿಸಿ ಬರೆಯುತ್ತಾರೆ, ಒಬ್ಬರು ಬಿಡಿಸಿ, ಇನ್ನೊಬ್ಬರು ನಡುವೆ ಚಿಹ್ನೆ ಹಾಕಿ. ಟಿಕೆಟ್, ವೀಸಾ ಅರ್ಜಿ, ವಿಮೆ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳೇ ಬರಬೇಕು. ಮನೆತನದ ಹೆಸರಿನ ಜಾಗ ಖಾಲಿ ಇರುವ ಪಾಸ್‌ಪೋರ್ಟ್‌ಗಳೂ ಹಿರಿಯರ ಬಳಿ ಇವೆ. 2022ರ ನವೆಂಬರ್‌ನಲ್ಲಿ ಯುಎಇ ಇಂತಹ ಒಂಟಿ ಹೆಸರಿನವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶ ನಿರಾಕರಿಸುವ ನಿಯಮ ತಂದಿತು. ದುಬೈ ಮೂಲಕ ಹೋಗುವವರು, ಅದರಲ್ಲೂ ಅಲ್ಲಿ ಇಳಿದು ಬಂಧುಗಳನ್ನು ಕಾಣುವ ಯೋಚನೆ ಇರುವವರು, ಇದನ್ನು ಮೊದಲೇ ಗಮನಿಸಬೇಕು. ತಿದ್ದುಪಡಿಗೆ ಹೊಸ ಪಾಸ್‌ಪೋರ್ಟನ್ನೇ ಮಾಡಿಸಬೇಕಾಗುವುದರಿಂದ ಈ ಕೆಲಸವನ್ನು ಕೊನೆಯ ತಿಂಗಳಿಗೆ ಬಿಡಬಾರದು.

ಯಾವ ದೇಶದ ವೀಸಾ?

ಪೋರ್ಚುಗಲ್, ಸ್ಪೇನ್, ಫ್ರಾನ್ಸ್, ಇಟಲಿ ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ತಂಗುವ ದೇಶಕ್ಕೆ. ಉದಾಹರಣೆಗೆ ಪೋರ್ಚುಗಲ್‌ನಲ್ಲಿ 3, ಸ್ಪೇನ್‌ನಲ್ಲಿ 1, ಫ್ರಾನ್ಸ್‌ನಲ್ಲಿ 2, ಇಟಲಿಯಲ್ಲಿ 4 ರಾತ್ರಿ ಇದ್ದರೆ ಇಟಲಿಗೆ. ಅತಿ ಹೆಚ್ಚು ರಾತ್ರಿಗಳು ಎರಡು ದೇಶಗಳಲ್ಲಿ ಸಮವಾಗಿದ್ದರೆ ಮೊದಲು ಇಳಿಯುವ ದೇಶಕ್ಕೆ. ಆದ್ದರಿಂದ ಅರ್ಜಿ ಹಾಕಿದ ಮೇಲೆ ಕಾರ್ಯಕ್ರಮದ ರಾತ್ರಿಗಳನ್ನು ಅತ್ತಿತ್ತ ಮಾಡುವುದು ಒಳ್ಳೆಯದಲ್ಲ.

ಯಾತ್ರೆಗೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಅರ್ಜಿ ಕೇಂದ್ರದ ದಿನಾಂಕ ಸಿಗುವುದೇ ಕಷ್ಟ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ. ವೀಸಾ ಸಿಗದಿದ್ದರೂ ಅದು ಹಿಂದಕ್ಕೆ ಬರುವುದಿಲ್ಲ. ಬೆರಳಚ್ಚು ಕೊಡಲು ಪ್ರತಿಯೊಬ್ಬರೂ ಖುದ್ದಾಗಿ ಹೋಗಬೇಕು. 59 ತಿಂಗಳೊಳಗೆ ಷೆಂಗೆನ್ ವೀಸಾಕ್ಕಾಗಿ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಕಿಲ್ಲ. ನಿವೃತ್ತರು ಪಿಂಚಣಿ ಪತ್ರ, ಬ್ಯಾಂಕ್ ವಿವರ ಕೊಡುತ್ತಾರೆ. ಖರ್ಚು ಮಗನೋ ಮಗಳೋ ನೋಡಿಕೊಳ್ಳುವುದಾದರೆ ಅವರ ಪತ್ರ, ಆದಾಯದ ದಾಖಲೆ ಬೇಕು. ಧರ್ಮಗುರುಗಳು, ಧರ್ಮಭಗಿನಿಯರು ಬಿಷಪರ ಅಥವಾ ಮಠದ ಮುಖ್ಯಸ್ಥರ ಪತ್ರ ಇಟ್ಟುಕೊಳ್ಳುವುದು ವಾಡಿಕೆ.

ಹಣ ಕಟ್ಟುವ ಕ್ರಮ

ಗುಂಪಿನಲ್ಲಿ 30 ಮಂದಿ ಇದ್ದರೂ ವೀಸಾ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ತೀರ್ಮಾನವಾಗುತ್ತದೆ. ಗಂಡನಿಗೆ ಸಿಕ್ಕಿ ಹೆಂಡತಿಗೆ ಸಿಗದಿರಬಹುದು. ಹಿಂದಕ್ಕೆ ಬಾರದ ಹಣವನ್ನು ವೀಸಾ ಬರುವ ಮೊದಲೇ ಪೂರ್ತಿ ಕಟ್ಟಿದ್ದರೆ ಹಾನಿ ಅವರದೇ. ಅರ್ಜಿಗೆ ಟಿಕೆಟ್ ಕಾಯ್ದಿರಿಸಿದ ಪತ್ರ ಸಾಕಾಗುತ್ತದೆ. ಸಾಮಾನ್ಯವಾಗಿ 10 ಅಥವಾ ಹೆಚ್ಚು ಮಂದಿಯ ಗುಂಪಿಗೆ ವಿಮಾನ ಕಂಪನಿಗಳು ಮುಂಗಡ ಪಡೆದು ಸೀಟು ಹಿಡಿದಿಡುತ್ತವೆ, ಉಳಿದ ಹಣ ಮತ್ತು ಹೆಸರಿನ ಪಟ್ಟಿ ನಂತರ ಕೊಟ್ಟರಾಯಿತು.

ಆದುದರಿಂದ ಕೊನೆಯ ಕಂತಿಗೆ ಮುನ್ನ ಏಜೆಂಟರಿಂದ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ಒಂದು, ವೀಸಾ ನಿರಾಕರಣೆಯಾದರೆ ಎಷ್ಟು ಹಣ, ಎಷ್ಟು ದಿನದಲ್ಲಿ ಹಿಂದಕ್ಕೆ ಬರುತ್ತದೆ. ಎರಡು, ಕಾಯಿಲೆ ಅಥವಾ ಮನೆಯಲ್ಲಿ ಸಾವು ಸಂಭವಿಸಿ ಹೊರಡಲಾಗದಿದ್ದರೆ ಏನು ಗತಿ. ಮೂರು, ಹೇಳಿದ ಬೆಲೆಯಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ. ಮಧ್ಯಾಹ್ನದ ಊಟ, ಬಸ್ ಚಾಲಕನ ಭಕ್ಷೀಸು, ಹೋಟೆಲಿನಲ್ಲಿ ರಾತ್ರಿಗಿಷ್ಟು ಎಂದು ಕಟ್ಟುವ ರೋಮ್ ನಗರ ತೆರಿಗೆ ಅನೇಕ ಸಲ ಹೊರಗೆ ಉಳಿದಿರುತ್ತವೆ.

ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಕಾನೂನಿನಂತೆ ಟಿಸಿಎಸ್ ಎಂಬ ತೆರಿಗೆಯನ್ನೂ ವಸೂಲು ಮಾಡುತ್ತಾರೆ. ಅದು ಹೋದ ಹಣವಲ್ಲ. ಪ್ಯಾನ್ ಸಂಖ್ಯೆಗೆ ಅದು ಜಮೆಯಾಗಿರುತ್ತದೆ, ತೆರಿಗೆ ಬರುವಷ್ಟು ಆದಾಯವಿಲ್ಲದವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. ಇದನ್ನು ತಿಳಿಯದ ಹಿರಿಯರು ಸುಮ್ಮನೆ ಬಿಟ್ಟುಬಿಡುತ್ತಾರೆ.

ಮಂಗಳೂರಿನಿಂದ ಹೊರಡುವ ದಿನ

ಮಂಗಳೂರಿನಿಂದ ಯುರೋಪಿಗೆ ನೇರ ವಿಮಾನ ಇಲ್ಲ. ಮುಂಬಯಿ, ಬೆಂಗಳೂರು ಅಥವಾ ಗಲ್ಫ್ ಮೂಲಕ ಹೋಗಬೇಕು. ಮಂಗಳೂರಿನಿಂದ ರೋಮ್‌ವರೆಗೆ ಒಂದೇ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾದಾಗ ಮುಂದಿನ ವ್ಯವಸ್ಥೆ ಮಾಡುವುದು ಕಂಪನಿಯ ಹೊಣೆ. ಮುಂಬಯಿವರೆಗೆ ಬೇರೆ, ಅಲ್ಲಿಂದ ಬೇರೆ ಟಿಕೆಟ್ ಆದರೆ ತಪ್ಪಿದ ವಿಮಾನದ ಹಣ ನಮ್ಮ ತಲೆಗೆ ಬರುತ್ತದೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಲಾಗದೆ ವಿಮಾನಗಳು ಬೆಂಗಳೂರಿಗೆ ತಿರುಗುವುದುಂಟು. ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚುವುದುಂಟು, ಕೊಂಕಣ ರೈಲು ನಿಧಾನವಾಗಿ ಓಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಗುಂಪು ಒಂದು ದಿನ ಮೊದಲೇ ಮುಂಬಯಿ ಅಥವಾ ಬೆಂಗಳೂರು ಸೇರುವುದು ಕ್ಷೇಮ.

ಅಲ್ಲಿಯ ಬುಕಿಂಗ್

ಫಾತಿಮಾದಿಂದ ಲೂರ್ದ್‌ಗೆ ಬಸ್ಸಿನಲ್ಲಿ ಸಾವಿರ ಕಿ.ಮೀ. ಆಸುಪಾಸು ದೂರ. ಯುರೋಪಿನ ಕಾನೂನಿನಂತೆ ಚಾಲಕ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ ಓಡಿಸಬಹುದು. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಇದನ್ನು ಒಂದೇ ದಿನದಲ್ಲಿ ಮುಗಿಸುವ ಕಾರ್ಯಕ್ರಮ ಹಿರಿಯರ ಸೊಂಟಕ್ಕೂ ಒಳ್ಳೆಯದಲ್ಲ. ನಡುವೆ ಅವಿಲಾ ಅಥವಾ ಬುರ್ಗೊಸ್‌ನಲ್ಲಿ ಒಂದು ರಾತ್ರಿ ಇರಲಿ. ಲೂರ್ದ್‌ನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ 9 ಗಂಟೆಗೆ ಮೇಣದ ಬತ್ತಿಯ ಜಪಸರ ಮೆರವಣಿಗೆ ನಡೆಯುತ್ತದೆ. ಊಟದ ಸಮಯವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

ರೋಮ್‌ನಲ್ಲಿ ಪೋಪ್ ಜಗದ್ಗುರುಗಳ ಬುಧವಾರದ ಸಾರ್ವಜನಿಕ ಭೇಟಿಗೆ ಟಿಕೆಟ್ ಬೇಕು, ಆದರೆ ಅದು ಉಚಿತ. ಭಾನುವಾರ ಮಧ್ಯಾಹ್ನ 12ರ ಪ್ರಾರ್ಥನೆಗೆ ಟಿಕೆಟೇ ಬೇಡ. ಸಂತ ಪೇತ್ರರ ಮಹಾದೇವಾಲಯಕ್ಕೂ ಪ್ರವೇಶ ಉಚಿತ. ಇವುಗಳಿಗೆ ಪ್ರತ್ಯೇಕ ಹಣ ಕೇಳಿದರೆ ಯಾವ ಸೇವೆಗೆಂದು ವಿಚಾರಿಸಬೇಕು. ವ್ಯಾಟಿಕನ್ ಸಂಗ್ರಹಾಲಯಕ್ಕೆ ಮಾತ್ರ ಮೊದಲೇ ಸಮಯ ಕಾಯ್ದಿರಿಸಬೇಕು. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಭಾನುವಾರಗಳಂದು ಅದು ಮುಚ್ಚಿರುತ್ತದೆ. 2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸರ ಸಮಾಧಿ ವ್ಯಾಟಿಕನ್‌ನಲ್ಲಿಲ್ಲ, ನಗರದ ಸಂತ ಮರಿಯ ಮಹಾಬೆಸಿಲಿಕದಲ್ಲಿದೆ. ಅದೇ ವರ್ಷ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸ್ ಅವರ ಸಮಾಧಿ ಅಸ್ಸಿಸಿಯಲ್ಲಿದೆ. ಗುಂಪಿನ ಜೊತೆಗಿರುವ ಧರ್ಮಗುರುಗಳು ಬಲಿಪೂಜೆಗೆ ಸ್ಥಳ ಮೊದಲೇ ಬರೆದು ಕೇಳಬೇಕು. ತಾವು ಗುರುಗಳೆಂದು ಪ್ರಮಾಣೀಕರಿಸುವ ಸೆಲೆಬ್ರೆಟ್ ಪತ್ರ ಕೈಯಲ್ಲಿರಬೇಕು.

ವಿಮೆ, ಔಷಧಿ, ಪೆಟ್ಟಿಗೆ

ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಚಿಕಿತ್ಸೆ ಇದ್ದರೆ ಮುಚ್ಚಿಡಬಾರದು, ಮುಚ್ಚಿಟ್ಟರೆ ಕ್ಲೇಮ್ ನಿಂತುಹೋಗುತ್ತದೆ. ಔಷಧಿ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಮಾಂಸದ ಉಪ್ಪಿನಕಾಯಿ, ತುಪ್ಪ ಕಟ್ಟಿಕೊಳ್ಳಬೇಡಿ: ನಮ್ಮಲ್ಲಿಂದ ಮಾಂಸ ಹಾಗೂ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ನಿಷೇಧವಿದೆ. ಬರುವಾಗ ಲೂರ್ದ್‌ನ ತೀರ್ಥದ ಬಾಟಲಿ ದೊಡ್ಡ ಪೆಟ್ಟಿಗೆಗೆ ಹೋಗಲಿ, ಕೈಚೀಲದಲ್ಲಿ 100 ಮಿ.ಲೀ. ದಾಟಿದರೆ ತಡೆಯುವುದು ಸಾಮಾನ್ಯ.

ಚರ್ಚಿನ ಹೊಣೆ

ಆಲ್ತಾರಿನ ಬಳಿಯಿಂದ ಪ್ರಕಟಣೆ ಬಂತೆಂದರೆ ಜನ ಏಜೆಂಟರನ್ನು ನೋಡುವುದಿಲ್ಲ, ಚರ್ಚನ್ನು ನಂಬಿ ಹಣ ಕೊಡುತ್ತಾರೆ. ರಶೀದಿ ಕೇಳಲು ಅವರಿಗೆ ಸಂಕೋಚ. ಅವರ ಪರವಾಗಿ ಕೇಳಬೇಕಾದವರು ಪಾಲನಾ ಸಮಿತಿಯವರು. ಪ್ರಕಟಣೆಗೆ ಮುನ್ನ ಏಜೆಂಟರ ನೋಂದಣಿ, ಹಣ ವಾಪಸಿನ ನಿಯಮ ಪಡೆದು ಸೂಚನಾ ಫಲಕದಲ್ಲಿ ಹಾಕಲಿ. ಹಣ ನಗದಾಗಿ ಬೇಡ, ಬ್ಯಾಂಕಿನ ಮೂಲಕವೇ ಹೋಗಲಿ. ಹೊರಡುವ ಮೊದಲು ಒಂದು ಸಂಜೆ ಯಾತ್ರಿಕರನ್ನೂ ಅವರ ಮಕ್ಕಳನ್ನೂ ಕರೆದು ಎಲ್ಲವನ್ನೂ ಓದಿ ಹೇಳಲಿ. ವಾಳೆಯ ಗುರಿಕಾರರು ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ ಅವರ ಪಾಸ್‌ಪೋರ್ಟ್, ಔಷಧಿಯ ಚೀಟಿ ನೋಡಿ ಬರಲಿ.

ಇಷ್ಟು ಮುಗಿದರೆ ಯಾತ್ರಿಕರು ಚಿಂತೆಯಿಲ್ಲದೆ ಪ್ರಾರ್ಥನೆಯಲ್ಲಿ ಮನಸ್ಸಿಡಬಹುದು. ಈ ವರ್ಷ ಹೊರಟಿರುವ ಎಲ್ಲ ಯಾತ್ರಿಕರಿಗೆ ಶುಭ ಪ್ರಯಾಣ ಕೋರುತ್ತೇವೆ. ಹೋಗಲಾಗದ ನಮಗಾಗಿಯೂ ಅಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಬನ್ನಿ.