ಪಟೇಲರ ಎತ್ತಿನ ಮನೆಯಿಂದ ಕಂಡ ಭಾರತ

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ಸಭೆಯ ಮುಂದಿಡುತ್ತ ಅಂಬೇಡ್ಕರ್ ಹಳ್ಳಿಗಳ ಬಗ್ಗೆ ಆಡಿದ ಮಾತು ಹಲವರಿಗೆ ಕಹಿಯಾಯಿತು. ಹಳ್ಳಿಯೆಂದರೆ ಅಜ್ಞಾನ, ಸಂಕುಚಿತ ಬುದ್ಧಿಗಳ ಕೂಪ. ಅದನ್ನು ಬದಿಗಿಟ್ಟು ವ್ಯಕ್ತಿಯನ್ನೇ ಆಧಾರವಾಗಿ ಹಿಡಿದದ್ದು ಒಳ್ಳೆಯದೇ ಆಯಿತು ಎಂಬುದು ಅವರ ನಿಲುವು. ಎದುರಿಗೆ ಕೂತಿದ್ದ ಗಾಂಧಿವಾದಿಗಳ ಮನಸ್ಸಿನಲ್ಲಿದ್ದ ಹಳ್ಳಿಯೇ ಬೇರೆ. ಅದು ತನಗೆ ಬೇಕಾದುದನ್ನು ತಾನೇ ಬೆಳೆದುಕೊಂಡು, ತನ್ನ ವ್ಯಾಜ್ಯ ತಾನೇ ತೀರಿಸಿಕೊಳ್ಳುವ ಪುಟ್ಟ ಗಣರಾಜ್ಯ. ವಿಚಿತ್ರವೆಂದರೆ ಈ ಅಪ್ಪಟ ದೇಶೀ ಚಿತ್ರವನ್ನು ಪ್ರಸಿದ್ಧಗೊಳಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಚಾರ್ಲ್ಸ್ ಮೆಟ್‌ಕಾಫ್, 1830ರಲ್ಲಿ ಬರೆದ ಒಂದು ಸರ್ಕಾರಿ ಟಿಪ್ಪಣಿಯಲ್ಲಿ.

ಎರಡೂ ಕಡೆಯವರು ಹಳ್ಳಿಯ ಹೆಸರಿನಲ್ಲಿ ವಾದಿಸುತ್ತಿದ್ದ ಅದೇ ವರ್ಷ, ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಮೂವತ್ತೊಂದರ ತರುಣನೊಬ್ಬ ಕಂಡದ್ದು ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಬಳಿ ಮಾನವಶಾಸ್ತ್ರ ಕಲಿತು ಬಂದ ಎಂ.ಎನ್. ಶ್ರೀನಿವಾಸ್. ಬರಹದಲ್ಲಿ ಅವರು ಆ ಊರಿಗೆ ಇಟ್ಟ ಹೆಸರು ರಾಂಪುರ.

ಅಲ್ಲಿಯವರೆಗೆ ಭಾರತ ತನ್ನನ್ನು ನೋಡಿಕೊಳ್ಳುತ್ತಿದ್ದುದು ಮುಖ್ಯವಾಗಿ ಎರಡು ಕನ್ನಡಿಗಳಲ್ಲಿ. ಒಂದು ಧರ್ಮಶಾಸ್ತ್ರದ ನಾಲ್ಕು ವರ್ಣ. ಇನ್ನೊಂದು ಬ್ರಿಟಿಷರ ಜನಗಣತಿ. 1901ರ ಗಣತಿಯ ಹೊಣೆ ಹೊತ್ತ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಸಾಮಾಜಿಕ ಮರ್ಯಾದೆಯ ಕ್ರಮದಲ್ಲಿ ಮೇಲೆ-ಕೆಳಗೆ ಪಟ್ಟಿಮಾಡಿಸಿದ. ಪಟ್ಟಿ ಏಣಿಯಾಯಿತು. ನಮ್ಮನ್ನು ಕ್ಷತ್ರಿಯರೆಂದು ಬರೆದುಕೊಳ್ಳಿ, ವೈಶ್ಯರೆಂದು ಬರೆದುಕೊಳ್ಳಿ ಎಂದು ಜಾತಿ ಸಂಘಗಳು ಅರ್ಜಿಗಳ ಮೇಲೆ ಅರ್ಜಿ ಹಾಕಿದವು. ಎಣಿಸಲು ಹೋದ ಸರ್ಕಾರ ಎಣಿಕೆಯ ವಸ್ತುವನ್ನೇ ಕಲಕಿಬಿಟ್ಟಿತ್ತು.

ಕ್ಷೇತ್ರಕಾರ್ಯದ ವಿಧಾನ ಇದಕ್ಕೆ ತದ್ವಿರುದ್ಧ. ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಇದ್ದು, ಮನೆ ಮನೆಯ ಲೆಕ್ಕ ಬರೆದು, ಯಾರಿಗೆ ಯಾರು ಏನಾಗಬೇಕು ಎಂದು ವಂಶಾವಳಿ ಬಿಡಿಸಿ, ಮದುವೆ, ಸಾವು, ಸುಗ್ಗಿ, ಜಗಳಗಳನ್ನು ಖುದ್ದಾಗಿ ನೋಡುವುದು. ಜಗಳ ಇವುಗಳಲ್ಲೆಲ್ಲ ದೊಡ್ಡ ಗಣಿ. ಸುಮ್ಮನೆ ಕೇಳಿದರೆ ಜನ ಹೇಳುವುದು ಹೇಗಿರಬೇಕು ಎಂಬುದನ್ನು. ಜಗಳಕ್ಕೆ ನಿಂತಾಗ ಹೊರಬೀಳುವುದು ಹೇಗಿದೆ ಎಂಬುದು. ರಾಂಪುರದ ಒಬ್ಬ ಕುಂಬಾರನಿಗೂ ಪೂಜಾರಿಗೂ ನಡೆದ ಜಗಳವನ್ನೇ ಹಿಡಿದು ಶ್ರೀನಿವಾಸ್ ಒಂದು ಇಡೀ ಪ್ರಬಂಧ ಬರೆದಿದ್ದಾರೆ.

ಅವರು ಉಳಿದುಕೊಂಡದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ನೋಡಲು ಬಂದವನನ್ನು ಊರೂ ನೋಡುತ್ತಿತ್ತು. ಸ್ನಾನ ಮುಗಿಸಿ ಆಮೇಲೆ ಗಡ್ಡ ಹೆರೆದುಕೊಳ್ಳುವ ಅವರ ಪದ್ಧತಿ ಪಟೇಲರಿಗೆ ಸರಿಬರಲಿಲ್ಲ. ಕ್ಷೌರ ಮೈಲಿಗೆ, ಅದು ಮೊದಲು, ಸ್ನಾನ ಆಮೇಲೆ. ಬ್ರಾಹ್ಮಣನಾಗಿ ಇಷ್ಟೂ ತಿಳಿಯದೇ? ಆಕ್ಸ್‌ಫರ್ಡ್ ಪದವೀಧರನಿಗೆ ಒಕ್ಕಲಿಗ ಪಟೇಲರಿಂದ ಬ್ರಾಹ್ಮಣ್ಯದ ಪಾಠ! ಈ ಪ್ರಸಂಗ ನನಗೆ ಅವರ ಎಷ್ಟೋ ಸಿದ್ಧಾಂತಗಳಿಗಿಂತ ಹೆಚ್ಚು ಹೇಳುತ್ತದೆ. ಬ್ರಾಹ್ಮಣನಿಗೆ ಶಾಸ್ತ್ರದಲ್ಲಿ ಮೇಲಿನ ಸ್ಥಾನವಿರಬಹುದು. ಆದರೆ ಬ್ರಾಹ್ಮಣ ಬ್ರಾಹ್ಮಣನಂತೆ ನಡೆದುಕೊಳ್ಳುತ್ತಿದ್ದಾನೋ ಇಲ್ಲವೋ ಎಂದು ಕಣ್ಣಿಡುತ್ತಿದ್ದವರು ಜಮೀನುಳ್ಳವರು.

1959ರಲ್ಲಿ ಅವರು ಬಿಡಿಸಿ ಬರೆದ ‘ಪ್ರಬಲ ಜಾತಿ’ಯ ವಿವರಣೆ ಇಂಥ ನೋಟದ ಫಲ. ಊರಿನಲ್ಲಿ ತಲೆಯೆಣಿಕೆ, ಭೂಮಿ, ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮಾತು ನಡೆಯುತ್ತದೆ. ವರ್ಣದ ಮೆಟ್ಟಿಲು ಆಮೇಲಿನ ಮಾತು. ರಾಂಪುರದಲ್ಲಿ ಆ ಜಾಗ ಒಕ್ಕಲಿಗರದು. ಬೇರೆ ಜಾತಿಗಳ ಒಳಜಗಳವೂ ಅವರ ಹಿರಿಯರ ಜಗಲಿಗೇ ಬರುತ್ತಿತ್ತು. ಗಣರಾಜ್ಯದ ಕಲ್ಪನೆಯೂ ಇದೇ ಪರೀಕ್ಷೆಯಲ್ಲಿ ಸೋತಿತು. ಉಪ್ಪು ಹೊರಗಿನಿಂದ ಬರಬೇಕು, ವ್ಯಾಪಾರಕ್ಕೆ ಸಂತೆಗೆ ಹೋಗಬೇಕು, ಹೆಣ್ಣು ಕೊಟ್ಟು ತರುವುದು ಬೇರೆ ಊರುಗಳೊಡನೆ, ಊರಿನಲ್ಲಿಲ್ಲದ ಕಸುಬಿನವರಿಗೆ ನೆರೆಯೂರನ್ನೇ ನೆಚ್ಚಬೇಕು. ಸ್ವಯಂಪೂರ್ಣ ಗ್ರಾಮ ಎಂಬುದೊಂದು ಮಿಥ್ಯೆ ಎಂದು ಶ್ರೀನಿವಾಸ್ ನೇರವಾಗಿಯೇ ಬರೆದರು.

ಅವರ ಹೆಸರಿನೊಡನೆ ಹೆಚ್ಚು ಅಂಟಿಕೊಂಡಿರುವುದು ‘ಸಂಸ್ಕೃತೀಕರಣ’. ಇದು ಬೆಳೆದದ್ದು ಕೊಡವರ ಮೇಲಿನ ಅಧ್ಯಯನದಲ್ಲಿ. ಪುಸ್ತಕ ಹೊರಬಂದದ್ದು 1952ರಲ್ಲಿ. ಕೆಳಗಿನ ಜಾತಿಯೊಂದು ಮಾಂಸ-ಮದ್ಯ ಬಿಟ್ಟು, ಮೇಲಿನವರ ಆಚಾರ, ದೇವರುಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಕ್ಕೇರಲು ನೋಡುವ ಪ್ರಕ್ರಿಯೆ. ಜಾತಿ ಕಲ್ಲಿನಲ್ಲಿ ಕೆತ್ತಿದ್ದು ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಆದರೆ ಮೇಲಿನವರ ಆಚಾರವನ್ನು ಕೆಳಗಿನವರು ಅನುಕರಿಸುವುದರಿಂದಲೇ ಜಾತಿ ಹಬ್ಬಿತು ಎಂಬ ವಾದವನ್ನು 1916ರ ಮೇ ತಿಂಗಳಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಗೋಷ್ಠಿಯಲ್ಲಿ ವಿದ್ಯಾರ್ಥಿಯೊಬ್ಬ ಮಂಡಿಸಿದ್ದ. ಆ ವಿದ್ಯಾರ್ಥಿ ಅಂಬೇಡ್ಕರ್. ಶ್ರೀನಿವಾಸ್ ಆಗಿನ್ನೂ ಹುಟ್ಟಿರಲಿಲ್ಲ. ಒಬ್ಬರಿಗೆ ಅದು ಮೇಲೇರುವ ದಾರಿಯಾಗಿ ಕಂಡಿತು, ಇನ್ನೊಬ್ಬರಿಗೆ ಬಂಧನ ಹರಡುವ ಬಗೆಯಾಗಿ. ನಮ್ಮ ಪಠ್ಯಪುಸ್ತಕಗಳು ಬಹುಕಾಲ ಮೊದಲಿನದನ್ನಷ್ಟೇ ಕಲಿಸಿದವು.

ಪಾಂಡಿತ್ಯದ ಪರಿಭಾಷೆ ಬೀದಿಗೆ ಬಂದದ್ದು ಬೇಗ. ‘ವೋಟ್ ಬ್ಯಾಂಕ್’ 1955ರ ಅವರ ರಾಂಪುರದ ಲೇಖನದಲ್ಲಿದೆ. ಅಲ್ಲಿ ಅದು ತನ್ನ ಆಳುಕಾಳು, ಬೆಂಬಲಿಗರ ಮತಗಳನ್ನು ಒಟ್ಟಾಗಿ ಕೊಡಿಸಬಲ್ಲ ಊರ ಧಣಿಯ ಕುರಿತದ್ದು. ಇವತ್ತು ಟಿವಿ ಚರ್ಚೆಗಳಲ್ಲಿ ಬೈಸಿಕೊಳ್ಳುವುದು ಧಣಿಯಲ್ಲ, ಇಡೀ ಸಮುದಾಯ. ಪ್ರಬಲ ಜಾತಿಯ ಕಲ್ಪನೆಯಿಲ್ಲದೆ ದೇವರಾಜ ಅರಸು ಅವರ ಕಾಲದ ಕರ್ನಾಟಕ ರಾಜಕಾರಣವನ್ನು ವಿವರಿಸಲು ಈಗಲೂ ಆಗುವುದಿಲ್ಲ.

1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸರ ಅಧ್ಯಯನ ಕೊಠಡಿಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿ ತಗಲಿ, ಪರಿಷ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಸಹೋದ್ಯೋಗಿ ಸೋಲ್ ಟ್ಯಾಕ್ಸ್ ಹುರಿದುಂಬಿಸಿದರು. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಓದಲು ಕಾದಂಬರಿಯಷ್ಟೇ ಸೊಗಸು.

ಅದೇ ಪುಸ್ತಕದಲ್ಲಿ ಒಂದು ಕೊರತೆಯೂ ಎದ್ದು ಕಾಣುತ್ತದೆ. ಪಟೇಲರ ಅತಿಥಿಯಾದ ಬ್ರಾಹ್ಮಣ ಹೊಲಗೇರಿಗೆ ಮನಬಂದಂತೆ ಹೋಗಿ ಕೂರುವಂತಿರಲಿಲ್ಲ, ಹೆಂಗಸರ ಲೋಕ ದೂರದಿಂದ ಕಂಡದ್ದು. ಈ ಮಿತಿಗಳು ಅವರಿಗೂ ಗೊತ್ತಿದ್ದವು. ಗೊತ್ತಿದ್ದ ಮಾತ್ರಕ್ಕೆ ಚಿತ್ರ ಪೂರ್ತಿಯಾಗುವುದಿಲ್ಲ. ಆ ಕಡೆಯಿಂದ ಊರು ಹೇಗೆ ಕಾಣುತ್ತದೆ ಎಂದು ತಿಳಿಯಲು ಕನ್ನಡ ಓದುಗರು ಕಾಯಬೇಕಾದದ್ದು ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ ಅವರಿಗಾಗಿ. ಮಾನವಶಾಸ್ತ್ರ ವಿಭಾಗಗಳಿಗಿಂತ ಈ ಬರಹಗಾರರೇ ಆ ಕೆಲಸವನ್ನು ಚೆನ್ನಾಗಿ ಮಾಡಿದರು ಎಂಬುದು ನನ್ನ ಎಣಿಕೆ.

ಎಲ್ಲ ಜಾತಿಗಳನ್ನೂ ಎಣಿಸಿ ಅಂಕಿಅಂಶ ಪ್ರಕಟಿಸಿದ ಕೊನೆಯ ಜನಗಣತಿ 1931ರದು. ಮುಂದಿನ ಗಣತಿಯಲ್ಲಿ ಮತ್ತೆ ಜಾತಿ ಕೇಳುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೇಳಿತು. ಕಾಲಂನಲ್ಲಿ ಉಪಜಾತಿಯ ಹೆಸರು ಹೇಳಬೇಕೋ ದೊಡ್ಡ ಗುಂಪಿನ ಹೆಸರು ಹೇಳಬೇಕೋ ಎಂದು ಸಂಘ-ಮಠಗಳು ಜನರಿಗೆ ಕಿವಿಮಾತು ಹೇಳುವುದನ್ನು ಕರ್ನಾಟಕ ಆಗಲೇ ತನ್ನ ಸಮೀಕ್ಷೆಗಳಲ್ಲಿ ಕಂಡಿದೆ. ರಿಸ್ಲಿಯ ಕಾಲದಲ್ಲಿ ಪೈಪೋಟಿ ಮೇಲಿನ ಮೆಟ್ಟಿಲಿಗೆ. ಈಗ ಹೆಚ್ಚು ತಲೆ ತೋರಿಸುವುದಕ್ಕೆ, ಮೀಸಲಾತಿಯಲ್ಲಿ ಪಾಲು ಉಳಿಸಿಕೊಳ್ಳುವುದಕ್ಕೆ.